ಚೌಕಟ್ಟು ಮತ್ತು ತೊಗಲು: ಗ್ರೀನ್‌ಲ್ಯಾಂಡ್ ಮಾದರಿಯ ಕಯಾಕ್ ಕಟ್ಟಿ ನೀರಿಗಿಳಿಸುವ ಸಮಗ್ರ ಮಾರ್ಗದರ್ಶಿ

ಹಂಪಿ-ಆನೆಗೊಂದಿಯ ದಡದಲ್ಲಿ ಮಗುಚಿ ಹಾಕಿದ ಹರಿಗೋಲನ್ನು ಹತ್ತಿರದಿಂದ ನೋಡಿದವರಿಗೆ ಈ ದೋಣಿಯ ತತ್ವ ಅರ್ಧ ಗೊತ್ತಿದ್ದಂತೆಯೇ. ಒಳಗೆ ಬಿದಿರಿನ ಹೆಣಿಗೆ, ಹೊರಗೆ ಹೊದಿಕೆ. ಭಾರ ಹೊರುವುದು ಹೆಣಿಗೆ, ನೀರು ತಡೆಯುವುದು ಹೊದಿಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಇಲ್ಲಿ ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ಹೊಳೆ ದಾಟುತ್ತಾರೆ, ಅವುಗಳ ಹೊರಮೈಗೆ ತೊಗಲು ಹೊದಿಸಿರುತ್ತದೆ ಎಂದು ಬರೆದಿಟ್ಟಿದ್ದಾನೆ. ಭೂಮಿಯ ಇನ್ನೊಂದು ಮೂಲೆಯಲ್ಲಿ, ಮರವೇ ಅಪರೂಪವಾದ ಗ್ರೀನ್‌ಲ್ಯಾಂಡ್ ಕರಾವಳಿಯಲ್ಲಿ, ಇನ್ಯೂಟ್ ಜನ ಇದೇ ತತ್ವದಿಂದ ಸೀಲ್ ಬೇಟೆಯ ದೋಣಿ ಕಟ್ಟಿದರು. ಸಮುದ್ರ ತಂದು ಹಾಕಿದ ಮರದ ತುಂಡುಗಳೇ ಅವರ ಚೌಕಟ್ಟು, ಸೀಲ್ ತೊಗಲೇ ಹೊದಿಕೆ. ಅದನ್ನು ಅವರು ಕರೆಯುವುದು ಕಯಾಕ್ ಎಂದೇ. ನಮ್ಮದು ದುಂಡಗೆ, ನಿಧಾನ, ಇಪ್ಪತ್ತು ಜನರಿಗೆ. ಅವರದು ಉದ್ದ, ಸಪೂರ, ವೇಗ, ಒಬ್ಬನಿಗೆ ಮಾತ್ರ.

ಇಲ್ಲಿ ಹೇಳುತ್ತಿರುವುದು ಪಶ್ಚಿಮ ಗ್ರೀನ್‌ಲ್ಯಾಂಡ್ ಮಾದರಿಯನ್ನು ಆಧರಿಸಿದ ದೋಣಿ. ಮುಗಿದಾಗ 12ರಿಂದ 16 ಕಿಲೋ ತೂಗುತ್ತದೆ, ಒಬ್ಬರೇ ಹೆಗಲಿಗೇರಿಸಿ ಹೊಳೆಗೆ ಒಯ್ಯಬಹುದು. ಮೊದಲೇ ಒಂದು ಮಾತು: ಈ ದೋಣಿಯಲ್ಲಿ ಹೊದಿಕೆ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ಚೌಕಟ್ಟು ಅರ್ಧ ಇಂಚು ಸೊಟ್ಟಗಿದ್ದರೆ ಬಟ್ಟೆ ಬಿಗಿದ ಮೇಲೆ ಅದು ಎದ್ದು ಕಾಣುತ್ತದೆ, ನೀರಿನ ಮೇಲೆ ದೋಣಿ ಒಂದೇ ಕಡೆಗೆ ಎಳೆಯುತ್ತದೆ. ಆದ್ದರಿಂದ ಸಮಯವನ್ನೆಲ್ಲ ಚೌಕಟ್ಟಿಗೆ ಕೊಡಿ.

ಮೈಯಳತೆಯಿಂದ ಆರಂಭ

ಗ್ರೀನ್‌ಲ್ಯಾಂಡಿನಲ್ಲಿ ನಕ್ಷೆ ಇರಲಿಲ್ಲ. ಮಾರು, ಮೊಳ, ಗೇಣು ಎಂದು ನಾವು ಅಳೆಯುತ್ತಿದ್ದಂತೆ ಅವರೂ ಮೈಯಿಂದಲೇ ಅಳೆಯುತ್ತಿದ್ದರು. ದೋಣಿಯ ಉದ್ದ ಕೂರುವವನ ಮೂರು ಮಾರು. ಅಗಲ ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು. 170 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 510 ಸೆಂ.ಮೀ. ಉದ್ದ, 53 ಸೆಂ.ಮೀ. ಅಗಲಕ್ಕೆ ಬರುತ್ತದೆ. ಮುಂದಿನ ಅಳತೆಗಳೆಲ್ಲ ಈ ಮೈಕಟ್ಟಿಗೆ, 70 ಕಿಲೋ ಆಸುಪಾಸಿನವರಿಗೆ. ಹೊಸಬರು 55 ಸೆಂ.ಮೀ. ಅಗಲ ಇಟ್ಟುಕೊಂಡರೆ ತಪ್ಪಿಲ್ಲ. ಅದಕ್ಕಿಂತ ಹೆಚ್ಚಿಸಿದರೆ ಹುಟ್ಟು ಹಾಕುವಾಗ ಕೈ ಅಂಚಿಗೆ ತಾಗುತ್ತದೆ, ದೋಣಿಯನ್ನು ಸೊಂಟದಿಂದ ಆಡಿಸಲೂ ಬರುವುದಿಲ್ಲ.

ಇನ್ನೊಂದು ಅಳತೆ ತಪ್ಪದೆ ಬೇಕು. ನೆಲದ ಮೇಲೆ ಕಾಲು ಚಾಚಿ ಕುಳಿತು, ಮೊಣಕಾಲಿಗಿಂತ ಒಂದು ಗೇಣು ಹಿಂದೆ ತೊಡೆಯ ಎತ್ತರ ಎಷ್ಟೆಂದು ನೋಡಿ. ಅದಕ್ಕೆ 3 ಸೆಂ.ಮೀ. ಸೇರಿಸಿ ಬರೆದಿಟ್ಟುಕೊಳ್ಳಿ. ತೊಡೆಯ ಮೇಲೆ ಬರುವ ಬಾಗಿದ ಅಡ್ಡಪಟ್ಟಿಯ ಎತ್ತರ ನಿರ್ಧಾರವಾಗುವುದು ಇದರಿಂದ.

ಮರ, ಬಿದಿರು, ದಾರ

ಉದ್ದ ಪಟ್ಟಿಗಳಿಗೆ ಹಗುರವಾದ, ಎಳೆ ನೇರವಾಗಿರುವ, ಗಂಟಿಲ್ಲದ ಮರ ಬೇಕು. ಸೀಡರ್, ಸ್ಪ್ರೂಸ್ ಅತ್ಯುತ್ತಮ. ಹೊರದೇಶದಲ್ಲಿರುವವರಿಗೆ ಇವು ಸುಲಭ. ಇಲ್ಲಿ ದೊಡ್ಡ ಊರುಗಳ ಟಿಂಬರ್ ಡಿಪೋಗಳಲ್ಲಿ ಆಮದಾದ ಹೆಮ್ಲಾಕ್, ಡಗ್ಲಸ್ ಫರ್ ವಿಚಾರಿಸಿ. ತೇಗ ಬಾಳಿಕೆಯಲ್ಲಿ ಸೋಲುವುದಿಲ್ಲ, ಆದರೆ ಸೀಡರ್‌ಗಿಂತ ಬಹಳ ಭಾರ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಬೇಡವೇ ಬೇಡ. ಬಗ್ಗಿಸುವಾಗ ಪಟ್ಟಿ ಗಂಟಿರುವಲ್ಲೇ ಮುರಿಯುತ್ತದೆ.

ಬೇಕಾದದ್ದು: ಅಂಚುಪಟ್ಟಿಗೆ (ದೋಣಿಯ ಎರಡು ಬದಿಯ ಮೇಲಂಚಾಗುವುದು) 18 × 65 ಮಿ.ಮೀ.ನ 5.2 ಮೀಟರ್ ಉದ್ದದ ಎರಡು ಪಟ್ಟಿ. ಬೆನ್ನುಪಟ್ಟಿಗೆ (ತಳದ ನಡುಮಧ್ಯ ಉದ್ದಕ್ಕೂ ಬರುವುದು) 18 × 25 ಮಿ.ಮೀ.ನ ಒಂದು, ಬದಿಪಟ್ಟಿಗೆ (ಅದರ ಎರಡು ಪಕ್ಕಕ್ಕೆ ಬರುವುದು) 16 × 20 ಮಿ.ಮೀ.ನ ಎರಡು, ಅಂಚುಪಟ್ಟಿಗಳ ನಡುವೆ ಬರುವ ಅಡ್ಡಪಟ್ಟಿಗಳಿಗೆ 20 × 40 ಮಿ.ಮೀ.ನ ಸುಮಾರು 4 ಮೀಟರ್. ಇಷ್ಟುದ್ದದ ಮರ ಸಿಗದಿದ್ದರೆ ಎರಡು ತುಂಡಿನ ತುದಿಗಳನ್ನು ಓರೆಯಾಗಿ ಕತ್ತರಿಸಿ ಎಪಾಕ್ಸಿ ಅಂಟಿನಿಂದ ಕೂಡಿಸಿ. ಓರೆಯ ಉದ್ದ ಮರದ ದಪ್ಪದ ಎಂಟರಿಂದ ಹತ್ತು ಪಟ್ಟು ಇರಲಿ, ಅಂದರೆ 18 ಮಿ.ಮೀ. ಪಟ್ಟಿಗೆ 15ರಿಂದ 18 ಸೆಂ.ಮೀ. ಎರಡೂ ಅಂಚುಪಟ್ಟಿಗಳನ್ನು ಒಂದೇ ಹಲಗೆಯಿಂದ ಸೀಳಿಸಿ. ಬೇರೆ ಬೇರೆ ಹಲಗೆಯವಾದರೆ ಒಂದು ಮೆತ್ತಗೆ ಬಾಗಿ, ಇನ್ನೊಂದು ಸೆಟೆದು ನಿಂತು, ದೋಣಿ ಬಾಳೆಕಾಯಿಯಂತಾಗುತ್ತದೆ.

ಒಂದು ಅಂಚುಪಟ್ಟಿಯಿಂದ ಇನ್ನೊಂದಕ್ಕೆ ತಳದಲ್ಲಿ ಬಾಗಿ ಹೋಗುವ ಪಕ್ಕೆಲುಬುಗಳಿಗೆ ಪಾಶ್ಚಾತ್ಯರು ಹಸಿ ಓಕ್ ಅಥವಾ ಆಶ್ ಮರ ಬಳಸುತ್ತಾರೆ. ನಮಗೆ ಬಿದಿರೇ ಒಳ್ಳೆಯದು, ಹರಿಗೋಲಿನ ಪಾಠವೂ ಅದೇ. ಮೂರು ವರ್ಷ ದಾಟಿದ ಗಟ್ಟಿ ಬಿದಿರನ್ನು ಆರಿಸಿ, ಮೇದರಿಂದ 20 ಮಿ.ಮೀ. ಅಗಲ, 7-8 ಮಿ.ಮೀ. ದಪ್ಪಕ್ಕೆ ಸೀಳಿಸಿಕೊಳ್ಳಿ. ಬಿದಿರಿನ ಒಳಗಿನ ಹಿಟ್ಟಿನಂಶಕ್ಕೆ ಕುಟ್ಟೆಹುಳು ಬೀಳುತ್ತದೆ. ಸೀಳುಗಳನ್ನು ಹರಿವ ನೀರಿನಲ್ಲಿ ಎರಡು-ಮೂರು ವಾರ ಮುಳುಗಿಸಿಟ್ಟರೆ ಹಿಟ್ಟು ತೊಳೆದು ಹೋಗುತ್ತದೆ. ಇಲ್ಲವೇ ಬೋರಾಕ್ಸ್-ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ. ದೋಣಿಗೆ ಸುಮಾರು 27 ಪಕ್ಕೆಲುಬು ಸಾಕು, ಆದರೆ 45 ಸೀಳು ಸಿದ್ಧವಿರಲಿ. ಮುರಿಯುತ್ತವೆ.

ಕಟ್ಟಲು ಮೇಣ ಹಚ್ಚಿದ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ, ಚಮ್ಮಾರರು ಬಳಸುವಂಥದ್ದು. ಚೌಕಟ್ಟಿಗೆ ಕಬ್ಬಿಣದ ಮೊಳೆ, ಸ್ಕ್ರೂ ಬೇಡ. ಅಲೆಯ ಮೇಲೆ ಈ ದೋಣಿ ತುಸು ಬಳುಕುತ್ತದೆ. ದಾರದ ಕಟ್ಟು ಆ ಬಳುಕಿಗೆ ಜಾಗ ಕೊಡುತ್ತದೆ. ಮೊಳೆ ಹೊಡೆದ ಕಡೆ ತೂತು ದೊಡ್ಡದಾಗುತ್ತಾ ಹೋಗಿ, ತುಕ್ಕು ಹಿಡಿದು, ಕೊನೆಗೆ ಮರವೇ ಸೀಳುತ್ತದೆ.

ಅಂಚುಪಟ್ಟಿ ಮತ್ತು ಅಡ್ಡಪಟ್ಟಿ

ಎರಡೂ ಅಂಚುಪಟ್ಟಿಗಳನ್ನು ಒಂದಕ್ಕೊಂದು ತಾಗಿಸಿ ಬಿಗಿದು, ಗುರುತುಗಳನ್ನೆಲ್ಲ ಮೂಲೆಮಟ್ಟ ಇಟ್ಟು ಒಟ್ಟಿಗೆ ಎಳೆಯಿರಿ. ಒಂದೊಂದಾಗಿ ಅಳೆದರೆ ಎರಡು ಬದಿ ಎಂದೂ ಒಂದಾಗುವುದಿಲ್ಲ. ಕೆಳಅಂಚಿನಲ್ಲಿ 14 ಸೆಂ.ಮೀ.ಗೊಂದರಂತೆ ಪಕ್ಕೆಲುಬಿನ ಕುಳಿ: 20 ಮಿ.ಮೀ. ಉದ್ದ, 6 ಮಿ.ಮೀ. ಅಗಲ, 18 ಮಿ.ಮೀ. ಆಳ, ಪಟ್ಟಿಯ ದಪ್ಪದ ಸರಿಮಧ್ಯದಲ್ಲಿ. ಎರಡು ತುದಿಯಲ್ಲಿ ತಲಾ 60 ಸೆಂ.ಮೀ. ಖಾಲಿ ಬಿಡಿ. ಅಡ್ಡಪಟ್ಟಿ ಬರುವ ಜಾಗಕ್ಕೂ ಕುಳಿಗೂ ಡಿಕ್ಕಿಯಾಗದಂತೆ ನೋಡಿಕೊಳ್ಳಿ. ಎರಡೂ ಒಂದೇ ಕಡೆ ಬಂದರೆ ಪಟ್ಟಿ ಬಗ್ಗುವಾಗ ಅಲ್ಲೇ ಲಟ್ಟನೆ ಮುರಿಯುತ್ತದೆ.

ನಂತರ ಮಧ್ಯಕ್ಕೆ ಪ್ಲೈವುಡ್ಡಿನ ಅಡ್ಡಹಲಗೆ ಕೊಟ್ಟು ಪಟ್ಟಿಗಳನ್ನು ಅಗಲಿಸಿ, ತುದಿಗಳನ್ನು ಹಗ್ಗದಿಂದ ಬಿಗಿಯುತ್ತಾ ಕೂಡಿಸಿ. ಅಡ್ಡಹಲಗೆಯ ಎರಡು ಬದಿಯನ್ನು ಸುಮಾರು 15 ಡಿಗ್ರಿ ಓರೆಯಾಗಿ ಕತ್ತರಿಸಿರಬೇಕು, ದೋಣಿಯ ಬದಿಗಳು ಮೇಲಕ್ಕೆ ಹೋದಂತೆ ಹೊರಕ್ಕೆ ವಾಲಿರಬೇಕು. ಮುಂದಿನ ಮೂತಿಯಿಂದ ಹಿಂದಿನ ಮೂತಿಗೆ ದಾರ ಎಳೆದು, ಪ್ರತಿ ಗುರುತಿನಲ್ಲೂ ದಾರದಿಂದ ಎಡಕ್ಕೆ, ಬಲಕ್ಕೆ ಅಳೆಯಿರಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮುಂದೆ ಹೋಗಬೇಡಿ. ಈಗ ಹಗ್ಗ ಸಡಿಲಿಸಿದರೆ ಸರಿಯಾಗುವುದು, ಪಕ್ಕೆಲುಬು ಕೂತ ಮೇಲೆ ಆಗುವುದಿಲ್ಲ.

ಒಟ್ಟು ಎಂಟು ಅಡ್ಡಪಟ್ಟಿ. ಅವುಗಳಲ್ಲಿ ಎರಡು ಮುಖ್ಯ. ಬೆನ್ನ ಹಿಂದೆ ಬರುವುದು ಇಸ್ಸೆರ್ಫಿಕ್, ದೋಣಿಯ ಮಧ್ಯಬಿಂದುವಿನಿಂದ ಸುಮಾರು 30 ಸೆಂ.ಮೀ. ಹಿಂದೆ. ಅದರಿಂದ 50-55 ಸೆಂ.ಮೀ. ಮುಂದೆ, ತೊಡೆಯ ಮೇಲೆ ಕಮಾನಿನಂತೆ ಬರುವುದು ಮಾಸಿಕ್. ಬರೆದಿಟ್ಟ ತೊಡೆಯ ಅಳತೆ ಈಗ ಬೇಕು. ಪಕ್ಕೆಲುಬಿನ ಒಳತಳದಿಂದ ಮಾಸಿಕ್‌ನ ಕೆಳಮೈವರೆಗೆ ಅಷ್ಟೇ ಎತ್ತರ ಇರಬೇಕು. ತೀರಾ ತಗ್ಗಾದರೆ ಕಾಲು ಮರಗಟ್ಟಿ, ಹೊರಬರುವುದು ಕಷ್ಟ. ತೀರಾ ಎತ್ತರವಾದರೆ ತೊಡೆಗೆ ಹಿಡಿತ ಸಿಗದೆ ಮಗುಚಿದ ದೋಣಿಯನ್ನು ಮತ್ತೆ ಎಬ್ಬಿಸಲು ಬರುವುದಿಲ್ಲ. ಪ್ರತಿ ಅಡ್ಡಪಟ್ಟಿಯ ತುದಿಗೆ ಹೊರಗಿನಿಂದ 8 ಮಿ.ಮೀ.ನ ಎರಡೆರಡು ಮರದ ಗೂಟ ಬಡಿದು, ಮೇಲೆ ದಾರದ ಕಟ್ಟು ಹಾಕಿ. ಗೂಟ ಮಾತ್ರ ಇದ್ದರೆ ಮರದ ತುದಿಯೆಳೆಯಿಂದ ಜಾರಿ ಬರುತ್ತದೆ, ಎಳೆದು ಹಿಡಿಯುವುದು ದಾರ.

ಪಕ್ಕೆಲುಬು ಬಗ್ಗಿಸುವ ದಿನ

ಕೆಲಸದಲ್ಲೆಲ್ಲ ಅತಿ ಚುರುಕಾಗಿ ನಡೆಯಬೇಕಾದದ್ದು, ಅತಿ ಹೆಚ್ಚು ಕೆಡುವುದೂ ಇದೇ. ಮೂವರಿದ್ದರೆ ಒಳ್ಳೆಯದು: ಹಬೆ ನೋಡುವವರೊಬ್ಬರು, ಬಗ್ಗಿಸುವವರೊಬ್ಬರು, ಕುಳಿಗೆ ಕೂರಿಸುವವರೊಬ್ಬರು.

ಉದ್ದ ನಿರ್ಧರಿಸಲು ಮೆತ್ತನೆಯ ತಗಡಿನ ಪಟ್ಟಿಯೊಂದನ್ನು ನಡುಭಾಗದ ಕುಳಿಯಿಂದ ಎದುರಿನ ಕುಳಿಗೆ ಬಗ್ಗಿಸಿ ನೋಡಿ. ಮಧ್ಯದಲ್ಲಿ ತಳ ಅಂಚುಪಟ್ಟಿಯ ಮೇಲಂಚಿನಿಂದ 16 ಸೆಂ.ಮೀ. ಕೆಳಗಿರಬೇಕು. ಆಗ ಪಕ್ಕೆಲುಬಿನ ಉದ್ದ ಸಾಮಾನ್ಯವಾಗಿ ಆ ಜಾಗದ ಒಳ ಅಗಲಕ್ಕಿಂತ ಹದಿನೈದು ಸೆಂಟಿಮೀಟರ್‌ನಷ್ಟು ಹೆಚ್ಚು ಬರುತ್ತದೆ. ಮೂತಿಯ ಕಡೆ ಆಕಾರ ಬದಲಾಗುವುದರಿಂದ ಅಲ್ಲಿ ಬೇರೆಯಾಗಿ ಅಳೆಯಿರಿ. ಸೀಳಿನ ಎರಡು ತುದಿಯನ್ನು ಕುಳಿಗೆ ತಕ್ಕಂತೆ 6 ಮಿ.ಮೀ.ಗೆ ತೆಳ್ಳಗೆ ಮಾಡಿ, ಅಂಚುಗಳನ್ನೆಲ್ಲ ಮರಳುಕಾಗದದಿಂದ ಉಜ್ಜಿ. ಬಿರುಕು ಶುರುವಾಗುವುದು ಚೂಪಾದ ಅಂಚಿನಿಂದ.

ಹಬೆಪೆಟ್ಟಿಗೆಗೆ ಒಂದು ಮೀಟರ್ ಉದ್ದದ ಮರದ ಹಲಗೆಗಳ ಡಬ್ಬ ಸಾಕು. ಪಿವಿಸಿ ಪೈಪ್ ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಗ್ಯಾಸ್ ಒಲೆಯ ಮೇಲಿನ ಪಾತ್ರೆಯಿಂದ ಕೊಳವೆಯಲ್ಲಿ ಹಬೆ ಒಳಗೆ ಬರಲಿ. ಬಾಯಿಗೆ ಹಳೆ ಗೋಣಿ ತುರುಕಿ. ಬಿಗಿಯಾಗಿ ಮುಚ್ಚಬಾರದು, ಒತ್ತಡ ಸೇರಿದರೆ ಪೆಟ್ಟಿಗೆ ಸಿಡಿಯುತ್ತದೆ. ಸೀಳುಗಳನ್ನು ಹಿಂದಿನ ಮೂರು-ನಾಲ್ಕು ದಿನ ನೀರಲ್ಲಿ ನೆನೆಸಿಟ್ಟಿರಬೇಕು. 8 ಮಿ.ಮೀ. ದಪ್ಪಕ್ಕೆ 15ರಿಂದ 20 ನಿಮಿಷ ಪೂರ್ಣ ಹಬೆ. ಹೆಚ್ಚು ಹೊತ್ತು ಬೇಯಿಸಿದರೆ ಮೆತ್ತಗಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ, ಎಳೆಗಳು ಒಣಗಿ ಪೆಡಸಾಗುತ್ತವೆ.

ಹೊರತೆಗೆದ ಮೇಲೆ ಕೈಯಲ್ಲಿರುವುದು ಹತ್ತು ಸೆಕೆಂಡು. ದಪ್ಪ ಕೈಗವಸು ಹಾಕಿ, ಬಿದಿರಿನ ಹಸಿರು ಸಿಪ್ಪೆಯ ಮೈ ಹೊರಗಿರುವಂತೆ ಹಿಡಿದು, ಮೊಣಕಾಲಿಗೆ ಒತ್ತಿ ಬೇಕಾದುದಕ್ಕಿಂತ ತುಸು ಹೆಚ್ಚೇ ಬಗ್ಗಿಸಿ, ಸಡಿಲ ಬಿಟ್ಟು ಕುಳಿಗೆ ಕೂರಿಸಿ. ಸಿಪ್ಪೆಯ ಕಡೆ ಎಳೆಗಳು ದಟ್ಟ, ಎಳೆತ ತಡೆಯುತ್ತವೆ. ತಿರುವು ಹಾಕಿದರೆ ಒಳಮೈ ಪುಡಿಯಾಗಿ ಬಿಡುತ್ತದೆ. ಬಿದಿರಿನ ಗಿಣ್ಣು ಬಾಗುವ ಜಾಗದಲ್ಲಿ ಬರದಂತೆ ಮೊದಲೇ ಆರಿಸಿಟ್ಟುಕೊಂಡಿರಬೇಕು. ಮಧ್ಯದಿಂದ ಆರಂಭಿಸಿ ಎರಡು ತುದಿಗೆ ಹೋಗಿ. ಮೂತಿಯ ಹತ್ತಿರದ ಮೂರು-ನಾಲ್ಕು ಪಕ್ಕೆಲುಬು ‘ವಿ’ ಆಕಾರದವು, ಅಲ್ಲಿ 5-6 ಮಿ.ಮೀ.ನ ತೆಳು ಸೀಳು ಬಳಸಿ. ಎಲ್ಲ ಕೂತ ಮೇಲೆ ಒಂದು ರಾತ್ರಿ ಹಾಗೇ ಬಿಡಿ.

ಮಾರನೇ ದಿನ ದೋಣಿಯನ್ನು ಮಗುಚಿ. ಬೆನ್ನುಪಟ್ಟಿಯನ್ನು ಪಕ್ಕೆಲುಬುಗಳ ಮೇಲಿಟ್ಟು ಒಂದು ತುದಿಯಿಂದ ಒಂದೇ ಕಣ್ಣಲ್ಲಿ ಉದ್ದಕ್ಕೂ ನೋಡಿ. ಯಾವುದೋ ಪಕ್ಕೆಲುಬು ಉಬ್ಬಿದ್ದರೆ ಅದನ್ನು ಕುಳಿಯೊಳಗೆ ತಳ್ಳಿ, ತಗ್ಗಿದ್ದರೆ ಬದಲಿಸಿ. ಚಿಕ್ಕ ಚೂರು ಕೊಟ್ಟು ಎತ್ತರಿಸುವುದು ಸುಲಭ ಎನಿಸುತ್ತದೆ, ಆದರೆ ಆ ಚೂರು ಒಂದು ದಿನ ಜಾರಿ ಬೀಳುತ್ತದೆ. ಎಲ್ಲ ಸರಿಬಂದ ಮೇಲೆ ಕುಳಿಗೆ 3 ಮಿ.ಮೀ. ಬಿದಿರ ಮೊಳೆ ಬಡಿಯಿರಿ. ಮೂತಿಗಳಿಗೆ 18 ಮಿ.ಮೀ. ಪ್ಲೈವುಡ್ಡಿನ ತುಂಡು ಕೊಟ್ಟು ಬೆನ್ನುಪಟ್ಟಿಯನ್ನು ಸೇರಿಸಿ. ಬದಿಪಟ್ಟಿಗಳನ್ನೂ ಹೀಗೇ ಕಣ್ಣಳತೆಯಲ್ಲಿ ಕೂರಿಸಿ, ಪ್ರತಿ ಪಕ್ಕೆಲುಬಿಗೂ ದಾರದಿಂದ ಕಟ್ಟಿ. ನೆನಪಿಡಬೇಕಾದ ಸೂತ್ರ: ಹೊದಿಕೆ ತಾಗಬೇಕಾದದ್ದು ಉದ್ದ ಪಟ್ಟಿಗಳಿಗೆ ಮಾತ್ರ, ಪಕ್ಕೆಲುಬಿಗೆ ಅಲ್ಲ. ಪಕ್ಕೆಲುಬು ತಾಗಿದರೆ ಅಲ್ಲಲ್ಲಿ ಅಡ್ಡ ಉಬ್ಬು ಬಂದು ದೋಣಿಯ ಓಟ ಕುಂಠಿತವಾಗುತ್ತದೆ, ಕಲ್ಲಿಗೆ ತಾಗಿದಾಗ ಬಟ್ಟೆ ಸವೆಯುವುದೂ ಅಲ್ಲೇ.

ಕೂರುವ ಬಾಯಿಗೆ ಒಂದು ಮರದ ಬಳೆ ಬೇಕು: 6 × 38 ಮಿ.ಮೀ.ನ ಪಟ್ಟಿಯನ್ನು ಹಬೆಯಲ್ಲಿ ಬಗ್ಗಿಸಿ, 51 × 41 ಸೆಂ.ಮೀ. ಮೊಟ್ಟೆಯಾಕಾರಕ್ಕೆ ತಂದು, ತುದಿಗಳನ್ನು 20 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿ. ಮೇಲಂಚಿಗೆ ಹೊರಗಿನಿಂದ ಸಣ್ಣ ತುಟಿಪಟ್ಟಿ ಅಂಟಿಸಿ, ನೀರು ತಡೆಯುವ ಸ್ಕರ್ಟ್ (ಸೊಂಟಕ್ಕೆ ತೊಟ್ಟು ಬಾಯಿ ಮುಚ್ಚುವ ಬಟ್ಟೆ) ಹಿಡಿದುಕೊಳ್ಳುವುದು ಅದನ್ನೇ. ಕೆಳಅಂಚಿನ ಸುತ್ತ 15 ಮಿ.ಮೀ.ಗೊಂದು ಹೊಲಿಗೆಯ ತೂತು. ಹೊದಿಸುವ ಮೊದಲೇ ಬಳೆಯನ್ನು ಚೌಕಟ್ಟಿನ ಮೇಲಿಟ್ಟು ಒಳಗೆ ಕೂತು, ಎದ್ದು, ಹತ್ತು ಸಲ ನೋಡಿ. ಕಾಲು ಸಲೀಸಾಗಿ ಹೊರಬರದಿದ್ದರೆ ಬಳೆ ದೊಡ್ಡದು ಮಾಡಿ. ಪಾದ ಊರುವ ಅಡ್ಡಪಟ್ಟಿಯ ದೂರವನ್ನೂ ಈಗಲೇ ಸರಿಮಾಡಿ.

ಚೌಕಟ್ಟಿಗೆ ಎರಡು ಕೈ ಅಗಸೆ ಎಣ್ಣೆ ಹಚ್ಚಿ ಒಂದು ವಾರ ಒಣಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಿಸಿಲಿಗೆ ಹರವಿ.

ಹೊದಿಕೆ

ಗ್ರೀನ್‌ಲ್ಯಾಂಡಿನಲ್ಲಿ ತೊಗಲು ಹೊಲಿಯುವುದು ಹೆಂಗಸರ ವಿದ್ಯೆ. ಸೂಜಿ ತೊಗಲಿನ ಅರ್ಧ ದಪ್ಪದಲ್ಲೇ ಹಾದು ಹೋಗುವಂತೆ ಹೊಲಿಯುತ್ತಿದ್ದರು. ತೂತು ಇನ್ನೊಂದು ಬದಿಗೆ ಬರುವುದೇ ಇಲ್ಲ, ಹಾಗಾಗಿ ನೀರೂ ಬರುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಕ್ಯಾನ್ವಾಸ್ ಬಂತು, ಈಗ ದಪ್ಪ ನೈಲಾನ್ ಅಥವಾ ಪಾಲಿಯೆಸ್ಟರ್.

ನೈಲಾನ್ ಗಟ್ಟಿ, ಬಂಡೆಗೆ ಉಜ್ಜಿದರೂ ತಡೆಯುತ್ತದೆ. ಆದರೆ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಬಿಗಿಯುತ್ತದೆ. ಆದ್ದರಿಂದ ಒದ್ದೆ ಮಾಡಿ ಹೊಲಿಯಬೇಕು. ಪಾಲಿಯೆಸ್ಟರ್ ತೇವಕ್ಕೆ ಜಗ್ಗುವುದಿಲ್ಲ, ಇಸ್ತ್ರಿ ಪೆಟ್ಟಿಗೆಯ ಶಾಖಕ್ಕೆ ಕುಗ್ಗಿ ಬಿಗಿಯುತ್ತದೆ. ಮಲೆನಾಡು, ಕರಾವಳಿಯ ತೇವದ ಗಾಳಿಗೆ ಪಾಲಿಯೆಸ್ಟರ್ ಲೇಸು. ನೈಲಾನ್ ಹೊದಿಸಿದ ದೋಣಿ ಜುಲೈಯಲ್ಲಿ ಜೋಲುಬಿದ್ದಿರುತ್ತದೆ.

ಒಂದೂವರೆ ಮೀಟರ್ ಪನ್ನದ ಬಟ್ಟೆ 5.8 ಮೀಟರ್ ತನ್ನಿ. ಮಗುಚಿದ ಚೌಕಟ್ಟಿನ ಮೇಲೆ ಹರವಿ, ಮಧ್ಯಗೆರೆಯನ್ನು ಬೆನ್ನುಪಟ್ಟಿಗೆ ಹೊಂದಿಸಿ. ಮುಂದಿನ ಮೂತಿಗೆ ಚೀಲದಂತೆ ಹೊಲಿಯಿರಿ. ಹಿಂದಿನ ಮೂತಿಯ ಚೀಲವನ್ನು ಬೇಕಾದುದಕ್ಕಿಂತ ಸುಮಾರು 5 ಸೆಂ.ಮೀ. ಗಿಡ್ಡ ಹೊಲಿದು, ದಿಂಬಿಗೆ ಗವಸು ಏರಿಸುವಂತೆ ಬಲವಾಗಿ ಎಳೆದು ತೊಡಿಸಿ. ಉದ್ದದ ಬಿಗಿ ಬರುವುದು ಇದರಿಂದಲೇ. ಅದಿಲ್ಲದಿದ್ದರೆ ಅಡ್ಡಕ್ಕೆ ಎಷ್ಟು ಎಳೆದರೂ ಸುಕ್ಕು ಹೋಗುವುದಿಲ್ಲ. ಈಗ ದೋಣಿ ತಿರುಗಿಸಿ, ಮೇಲೆ ಎರಡು ಅಂಚನ್ನೂ ದಾರದಿಂದ ಶೂ ಲೇಸಿನಂತೆ ಎಳೆದು ಬಿಗಿಯಿರಿ, ಮಧ್ಯದಿಂದ ತುದಿಗೆ. ಹೆಚ್ಚುವರಿ ಬಟ್ಟೆ ಕತ್ತರಿಸಿ, ಅಂಚನ್ನು ಒಳಮಡಿಸಿ, ಒಂದು ಸಾಲು ನೇರ ಹೊಲಿಗೆ, ಅದರ ಮೇಲೆ ಸುತ್ತುಹೊಲಿಗೆ. ಬಾಯಿಯ ಜಾಗದಲ್ಲಿ ಮೊದಲು ಸಣ್ಣ ಸೀಳು ಮಾತ್ರ ಮಾಡಿ. ಬಟ್ಟೆಯನ್ನು ಬಳೆಯ ಒಳಗಿನಿಂದ ಮೇಲೆಳೆದು ಹೊಲಿಯುತ್ತಾ ಸೀಳನ್ನು ಸ್ವಲ್ಪಸ್ವಲ್ಪವೇ ದೊಡ್ಡದು ಮಾಡಿ. ಮೊದಲೇ ಪೂರ್ತಿ ಕತ್ತರಿಸಿದವರಿಗೆ ಎಳೆಯಲು ಬಟ್ಟೆಯೇ ಉಳಿಯುವುದಿಲ್ಲ.

ಲೇಪಕ್ಕೆ ಎರಡು ಭಾಗದ ಪಾಲಿಯುರೆಥೇನ್. ಮೂರು-ನಾಲ್ಕು ಪದರ, ಒಂದು ಇನ್ನೂ ಅಂಟಂಟಾಗಿರುವಾಗಲೇ ಇನ್ನೊಂದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ರಾಸಾಯನಿಕ ಅದರೊಂದಿಗೆ ವರ್ತಿಸಿ ಅನಿಲ ಹುಟ್ಟಿ ಮೈತುಂಬ ಗುಳ್ಳೆ ಏಳುತ್ತವೆ, ಅದಕ್ಕೇ ಈ ಕೆಲಸ ಡಿಸೆಂಬರ್-ಫೆಬ್ರವರಿಯ ಒಣಹವೆಗೆ ಇಟ್ಟುಕೊಳ್ಳಿ. ಇದರ ಆವಿ ಶ್ವಾಸಕೋಶಕ್ಕೆ ವಿಷ. ಬಟ್ಟೆಯ ಮಾಸ್ಕ್ ಸಾಲದು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮುಖವಾಡ, ಕೈಗವಸು, ತೆರೆದ ಜಾಗ ಕಡ್ಡಾಯ. ಕ್ಯಾನ್ವಾಸ್ ಹೊದಿಸಿದವರು ಎಣ್ಣೆ ಬಣ್ಣ ಬಳಿಯಬಹುದು, ಅಗ್ಗ, ಆದರೆ ಪ್ರತಿವರ್ಷ ಮತ್ತೆ ಬಳಿಯಬೇಕು.

ಹುಟ್ಟು

ಒಂದು ಮಾರು ಮತ್ತು ಒಂದು ಮೊಳ ಉದ್ದ, ಅಂದರೆ ಸುಮಾರು 215 ಸೆಂ.ಮೀ. ನಡುವೆ 50 ಸೆಂ.ಮೀ. ಹಿಡಿ, ಅದು ಮೊಟ್ಟೆಯಾಕಾರ, ದುಂಡಗಲ್ಲ. ಎರಡು ಕಡೆ ಉದ್ದನೆಯ ಸಪೂರ ಎಲೆ, ತುದಿಯಲ್ಲಿ 8.5-9 ಸೆಂ.ಮೀ. ಅಗಲ, ಮುಷ್ಟಿಯಲ್ಲಿ ಹಿಡಿಯಲು ಬರುವಷ್ಟು. 50 × 100 ಮಿ.ಮೀ.ನ ಒಂದೇ ಮರದಿಂದ ಕೆತ್ತಬಹುದು. ಅಗಲವಾದ ಎಲೆ ಬೇಗ ಮುಂದೊಯ್ಯುತ್ತದೆ ಎನಿಸಿದರೂ ಗಾಳಿಗೆ ಹಿಡಿಯುವುದೂ, ಭುಜ ನೋಯಿಸುವುದೂ ಅದೇ.

ನೀರಿಗೆ

ಈ ದೋಣಿಯೊಳಗೆ ಅಡ್ಡಗೋಡೆ ಇರುವುದಿಲ್ಲ. ಮಗುಚಿದರೆ ಮೂತಿಯಿಂದ ಮೂತಿಗೆ ನೀರು ತುಂಬಿ, ಎತ್ತಲಾಗದ ಭಾರವಾಗುತ್ತದೆ. ಮುಂದೆ, ಹಿಂದೆ ಎರಡು ಗಾಳಿಚೀಲ ಊದಿ ಕಟ್ಟದೆ ಒಮ್ಮೆಯೂ ನೀರಿಗಿಳಿಯಬಾರದು. ಲೈಫ್ ಜಾಕೆಟ್, ಸೀಟಿ ಮೈಮೇಲೇ ಇರಬೇಕು. ಮೊದಲ ದಿನದ ಪಾಠ ಮುಂದೆ ಹೋಗುವುದಲ್ಲ, ಹೊರಬರುವುದು: ಎದೆಮಟ್ಟದ ನೀರಲ್ಲಿ, ಪಕ್ಕದಲ್ಲಿ ಒಬ್ಬರು ನಿಂತಿರುವಾಗ, ಬೇಕೆಂದೇ ಮಗುಚಿಕೊಂಡು, ಸ್ಕರ್ಟಿನ ಮುಂದಿನ ಕುಣಿಕೆ ಎಳೆದು, ಸೊಂಟ ಹಿಂದಕ್ಕೆ ಜಾರಿಸಿ ಈಚೆ ಬನ್ನಿ. ಕಣ್ಣು ಮುಚ್ಚಿ ಹತ್ತು ಸಲ ಬಂದ ಮೇಲೆ ಉಳಿದದ್ದು. ಒಳಗೆ ಕೂತೇ ಮಗುಚಿ ಏಳುವ ವಿದ್ಯೆಯನ್ನು ಬಲ್ಲವರ ಕೈಕೆಳಗೆ ಕಲಿಯಿರಿ. ಅದು ಬಂದವರೂ ಒಬ್ಬರೇ ಹೋಗಬಾರದು. ಇನ್ಯೂಟರಿಂದ ಈ ವಿದ್ಯೆ ಕಲಿತಿದ್ದ ಇಂಗ್ಲಿಷ್ ಅನ್ವೇಷಕ ಗಿನೋ ವಾಟ್ಕಿನ್ಸ್ 1932ರ ಆಗಸ್ಟಿನಲ್ಲಿ ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ ಒಬ್ಬನೇ ಬೇಟೆಗೆ ಹೋದ. ಅವನ ಕಯಾಕ್ ತೇಲುತ್ತಾ ಸಿಕ್ಕಿತು, ದೇಹ ಸಿಗಲೇ ಇಲ್ಲ. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರು ನೀರಿನ ತಂಪಿಗೆ ತಕ್ಕ ಉಡುಪು ಹಾಕಬೇಕು, ದಡದ ಬಿಸಿಲಿಗಲ್ಲ. 15 ಡಿಗ್ರಿಗಿಂತ ತಣ್ಣಗಿನ ನೀರು ಬಿದ್ದ ಕ್ಷಣವೇ ಉಸಿರು ಕಟ್ಟಿಸುತ್ತದೆ.

ಕರ್ನಾಟಕದಲ್ಲಿ ಕಲಿಯಲು ಹಿನ್ನೀರುಗಳೇ ಉತ್ತಮ. ಹೊನ್ನೇಮರಡು ಕಡೆಯ ಶರಾವತಿ ಹಿನ್ನೀರು ಚಳಿಗಾಲದ ಬೆಳಗ್ಗೆ ಕನ್ನಡಿಯಂತಿರುತ್ತದೆ. ಆದರೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ನೀರಿನೊಳಗೇ ನಿಂತಿವೆ. ಮಟ್ಟ ಇಳಿದಂತೆ ಅವುಗಳ ತುದಿ ಮೇಲ್ಮೈಗೆ ಗೇಣು ಕೆಳಗೆ ಬರುತ್ತದೆ, ಕಾಣುವುದಿಲ್ಲ, ಹೊದಿಕೆಗೆ ಚೂರಿಯಂತೆ ತಾಗುತ್ತದೆ. ಬೇಸಿಗೆಯಲ್ಲಿ ಹಳೆಯ ನದಿಪಾತ್ರ ಬಲ್ಲ ಸ್ಥಳೀಯರನ್ನು ಕೇಳಿಯೇ ಹೋಗಿ. ಅಭಯಾರಣ್ಯದ ವ್ಯಾಪ್ತಿಯಲ್ಲಿ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ದಾಂಡೇಲಿಯ ಕಾಳಿ, ಕಾವೇರಿಯ ಮಡುಗಳಲ್ಲಿ ಮೊಸಳೆಗಳಿವೆ, ನೀರಿನ ಮಟ್ಟಕ್ಕೇ ಕೂರುವ ಈ ದೋಣಿ ಅಲ್ಲಿಗಲ್ಲ. ಮೇಲೆ ವಿದ್ಯುತ್‌ಗೆ ನೀರು ಬಿಟ್ಟರೆ ಹೊಳೆ ಏಕಾಏಕಿ ಏರುತ್ತದೆ ಕೂಡ.

ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಉಬ್ಬರದ ಜೊತೆ ಒಳಗೆ ಹೋಗಿ, ಇಳಿತದ ಜೊತೆ ಹೊರಬರುವುದು ಈ ದೋಣಿಯ ನಿಜವಾದ ಸುಖ. ಸದ್ದೇ ಇಲ್ಲದೆ ಹಕ್ಕಿಗಳ ಹತ್ತಿರ ಹೋಗಬಹುದು. ಅಳಿವೆಯ ಬಾಯಿಗೆ ಮಾತ್ರ ಇಳಿತದ ಹೊತ್ತಿನಲ್ಲಿ ಹೋಗಬೇಡಿ. ಹೊರಗೋಡುವ ನೀರಿಗೆ ಸಮುದ್ರದ ಗಾಳಿ ಎದುರಾಗಿ ಕಡಿದಾದ ಅಲೆ ಏಳುತ್ತದೆ. ಗಾಳಿ ಮಧ್ಯಾಹ್ನ ಏರುವುದರಿಂದ ಹನ್ನೊಂದರೊಳಗೆ ದಡ ಸೇರುವ ಲೆಕ್ಕವಿರಲಿ. ಯಾಂತ್ರಿಕ ದೋಣಿಗಳೇ ಕಡಲಿಗಿಳಿಯದ ಜೂನ್-ಜುಲೈಯಲ್ಲಿ ಸಮುದ್ರದ ಯೋಚನೆ ಬೇಡ.

ಹೊದಿಕೆ ಹರಿದರೆ ಅಂಗಳದಲ್ಲೇ ದುರಸ್ತಿ. ನೀರಿನ ಮೇಲೆ ತಾತ್ಕಾಲಿಕವಾಗಿ ಒರೆಸಿ ಡಕ್ಟ್ ಟೇಪ್ ಅಂಟಿಸಿ. ಮನೆಗೆ ಬಂದು ಹರಿದದ್ದನ್ನು ಹೊಲಿದು, ಮೇಲೆ ಅದೇ ಬಟ್ಟೆಯ ತೇಪೆಯನ್ನು ಅದೇ ಲೇಪದಿಂದ ಕೂರಿಸಿ. ಉಪ್ಪುನೀರಿನಿಂದ ಬಂದಾಗಲೆಲ್ಲ ಒಳಗೂ ಹೊರಗೂ ಸಿಹಿನೀರು ಹಾಯಿಸಿ, ಬಾಯಿ ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ. ಬಿಸಿಲು ನೈಲಾನನ್ನು ಒಳಗಿಂದೊಳಗೇ ಪುಡಿ ಮಾಡುತ್ತದೆ. ಅಟ್ಟದ ತೊಲೆಗೆ ಎರಡು ಅಗಲ ಪಟ್ಟಿಯಲ್ಲಿ ತೂಗುಹಾಕಿ, ಇಲಿ ಹತ್ತದಷ್ಟು ಗೋಡೆಯಿಂದ ದೂರ.